ಔಷಧ ಅಗ್ಗವಾದರಷ್ಟೇ ಸಾಲದು
ಸ್ನಾಯುಗಳನ್ನು ಸೊರಗಿಸುವ ಎಸ್‌ಎಂಎ ಕಾಯಿಲೆಗೆ ಕೊಡುವ ರಿಸ್ಡಿಪ್ಲಾಮ್‌ನ ಒಂದು ಬಾಟಲಿಗೆ ರೋಶ್ ಕಂಪನಿಯ ಬೆಲೆ ಸುಮಾರು 6 ಲಕ್ಷ ರೂಪಾಯಿ ಇತ್ತು. ಮಾರಾಟ ತಡೆಯುವ ರೋಶ್‌ನ ಕೋರಿಕೆಯನ್ನು ದೆಹಲಿ ಹೈಕೋರ್ಟ್ ಒಪ್ಪದ ಬಳಿಕ, 2025ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿ ಅದೇ ಔಷಧವನ್ನು 15,900 ರೂಪಾಯಿಗೆ ತಂದಿತು. ದೊಡ್ಡ ಸಮಾಧಾನವಿದು.

ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಹೆತ್ತವರ ಕಷ್ಟ ಔಷಧಕ್ಕೂ ಮುಂಚೆಯೇ ಶುರುವಾಗುತ್ತದೆ. ಕತ್ತು ನಿಲ್ಲದ ಕೂಸನ್ನು ‘ಬೆಳೀತಾ ಸರಿಹೋಗುತ್ತೆ’ ಎಂದು ಮನೆಗೆ ಕಳಿಸಿದರೆ, ಅಷ್ಟರಲ್ಲಿ ಈ ಕಾಯಿಲೆಯಿಂದ ಸತ್ತ ನರಕೋಶಗಳನ್ನು ಯಾವ ಔಷಧವೂ ಬದುಕಿಸದು. ರಕ್ತಸಂಬಂಧದ ಮದುವೆ ಇನ್ನೂ ರೂಢಿಯಲ್ಲಿರುವಲ್ಲಿ ಇಂಥ ಆನುವಂಶಿಕ ಕಾಯಿಲೆಗಳ ಅಪಾಯವೂ ಹೆಚ್ಚು. ಅಪರೂಪದ ಕಾಯಿಲೆಗಳ ಕುರಿತ 2021ರ ರಾಷ್ಟ್ರೀಯ ನೀತಿಯ ನೆರವು ಪಡೆಯಲು ಬೆಂಗಳೂರಿಗೇ ಅಲೆಯಬೇಕು. ಚಿಕ್ಕಬಳ್ಳಾಪುರದ ವೈದ್ಯಕೀಯ ಕಾಲೇಜಿನಲ್ಲಿ ವಾರಕ್ಕೊಮ್ಮೆಯಾದರೂ ಆನುವಂಶಿಕ ರೋಗಗಳ ತಪಾಸಣೆ ನಡೆಯಲಿ. ರಕ್ತದ ಮಾದರಿ ಇಲ್ಲಿಂದಲೇ ಬೆಂಗಳೂರಿಗೆ ಹೋಗಲಿ.