ಯಾರಿಗೆ ಅನ್ನುವ ಮೊದಲು, ಯಾತಕ್ಕೆ?



ನವೆಂಬರ್ 14, ಶುಕ್ರವಾರ ಬೆಳಿಗ್ಗೆ ನಮ್ಮ ಜೂಂಡಲಪ್ ಮನೆಯಲ್ಲಿ ಒಂದು ಜಗಳ ಆಯಿತು. ನಾನು ಸ್ಕೂಲಿಗೆ ಹೊರಟಿದ್ದೆ, ಅಪ್ಪ ಟ್ರೈನ್ ಹಿಡಿಯಲು ಹೊರಟಿದ್ದರು, ಅಮ್ಮ ಇಬ್ಬರ ಡಬ್ಬಿಗೂ ಉಪ್ಪಿಟ್ಟು ತುಂಬುತ್ತಿದ್ದರು. ಆಗ ಅಮೆರಿಕದಿಂದ ಸುದ್ದಿ ಬಂತು. ಬೇಸ್‌ಬಾಲಿನ ಅಮೆರಿಕನ್ ಲೀಗ್‌ನಲ್ಲಿ 2025ರ ಎಂ.ವಿ.ಪಿ., ಅಂದರೆ ತಂಡಕ್ಕೆ ಅತ್ಯಂತ ಬೆಲೆಯುಳ್ಳ ಆಟಗಾರ, ನ್ಯೂಯಾರ್ಕ್ ಯಾಂಕೀಸ್ ತಂಡದ ಆರನ್ ಜಡ್ಜ್. ನಾನು ಬ್ಯಾಗನ್ನು ಸೋಫಾ ಮೇಲೆ ಎಸೆದು, "ಮೋಸ!" ಅಂತ ಕೂಗಿದೆ.

ಬೇಸ್‌ಬಾಲ್ ನೋಡದವರಿಗೆ ಸ್ವಲ್ಪ ವಿವರಿಸುತ್ತೇನೆ. ನನ್ನ ಆಯ್ಕೆ ಸಿಯಾಟಲ್ ಮ್ಯಾರಿನರ್ಸ್ ತಂಡದ ಕ್ಯಾಲ್ ರಾಲಿ. ಅವರು ಕ್ಯಾಚರ್. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಆದರೆ ಕೆಲಸ ಇನ್ನೂ ಕಷ್ಟ. ಪ್ರತಿ ಎಸೆತಕ್ಕೂ ಕುಕ್ಕರುಗಾಲಲ್ಲಿ ಕೂರಬೇಕು, ಮುಂದೆ ಯಾವ ಎಸೆತ ಹಾಕಬೇಕು ಅನ್ನುವುದನ್ನು ಎಸೆಯುವವರ ಜೊತೆ ಸೇರಿ ಲೆಕ್ಕ ಹಾಕಬೇಕು. ಅಂಥ ಕೆಲಸದ ಜೊತೆಗೆ ರಾಲಿ ಆ ಸೀಸನ್ನಿನಲ್ಲಿ 60 ಹೋಮ್ ರನ್ ಹೊಡೆದರು. ಅದಕ್ಕೂ ಮೊದಲು ಕ್ಯಾಚರ್ ಒಬ್ಬರ ದಾಖಲೆ ಇದ್ದದ್ದು 48. ಜಡ್ಜ್ ಹೊಡೆದದ್ದು 53. ಆದರೆ ಅವರ ಬ್ಯಾಟಿಂಗ್ ಸರಾಸರಿ .331, ಅಂದರೆ ಸಾವಿರ ಪ್ರಯತ್ನಕ್ಕೆ 331 ಹಿಟ್‌ಗಳ ಲೆಕ್ಕ. ಎರಡೂ ಲೀಗ್ ಸೇರಿಸಿ ನೋಡಿದರೂ ಅದೇ ಅತಿ ಹೆಚ್ಚು.

ಮತ ಹಾಕುವವರು ಬೇಸ್‌ಬಾಲ್ ಬಗ್ಗೆ ಬರೆಯುವ 30 ಪತ್ರಕರ್ತರು. ಲೀಗಿನಲ್ಲಿ 15 ತಂಡಗಳಿವೆ, ಪ್ರತಿ ತಂಡದ ಊರಿಗೆ ಇಬ್ಬರಂತೆ. ಮೊದಲ ಸ್ಥಾನಕ್ಕೆ 14 ಅಂಕ, ಎರಡನೆಯದಕ್ಕೆ 9. ಜಡ್ಜ್‌ಗೆ 17 ಜನ ಮೊದಲ ಸ್ಥಾನ ಕೊಟ್ಟರು, ರಾಲಿಗೆ 13 ಜನ. ಗಣಿತ ಇಷ್ಟಪಡುವ ತಮ್ಮ ತಂಗಿಯರು ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಮಾಡಿ: ಇಬ್ಬರಿಗೂ ಉಳಿದವರೆಲ್ಲ ಎರಡನೇ ಸ್ಥಾನವನ್ನೇ ಕೊಟ್ಟಿದ್ದರು. ನಿಮಗೂ 355 ಮತ್ತು 335 ಬರಬೇಕು.

ನಾನು ಹತ್ತು ನಿಮಿಷ ಅಂಕಿ ಅಂಶ ಒದರಿದೆ. ಅಪ್ಪ ಶೂ ಲೇಸ್ ಕಟ್ಟುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಕಣೇ, 'ಬೆಲೆ' ಅಂದರೆ ಅವರ ಲೆಕ್ಕದಲ್ಲಿ ಏನು? ಚೆನ್ನಾಗಿ ಆಡಿದವನಾ, ತಂಡಕ್ಕೆ ಹೆಚ್ಚು ಬೇಕಾದವನಾ?"

ಸ್ಕೂಲಿನಲ್ಲಿ ಬಿಡುವಿನ ವೇಳೆ ಹುಡುಕಿ ನೋಡಿದೆ. ಆ ಪ್ರಶಸ್ತಿಗೆ 'ಬೆಲೆ' ಅಂದರೆ ಏನು ಅನ್ನುವ ಖಚಿತವಾದ ವ್ಯಾಖ್ಯೆಯೇ ಇಲ್ಲ! ಮತ ಹಾಕುವವರೇ ತೀರ್ಮಾನಿಸಿಕೊಳ್ಳಬೇಕು. ಹಾಗಾದರೆ 17 ಜನ ಒಂದು ಪ್ರಶ್ನೆಗೆ ಉತ್ತರ ಬರೆದರು, 13 ಜನ ಬಹುಶಃ ಇನ್ನೊಂದು ಪ್ರಶ್ನೆಗೆ ಬರೆದರು. ಅಭಿಮಾನಿಗಳ ಜಗಳ ಮುಗಿಯದೇ ಇರುವುದರಲ್ಲಿ ಆಶ್ಚರ್ಯ ಏನಿದೆ?

ನೀವು ಕೇಳಬಹುದು, ಅಮೆರಿಕದ ಬೇಸ್‌ಬಾಲ್ ಕಟ್ಟಿಕೊಂಡು ಕನ್ನಡ ಶಾಲೆಗೆ ಏನಾಗಬೇಕು ಅಂತ. ಮೊದಲನೆಯದು, ಬೇಸ್‌ಬಾಲ್ ನಮಗೆ ಅಷ್ಟೇನೂ ದೂರದ್ದಲ್ಲ. ಪರ್ತ್ ಹೀಟ್, ಬ್ರಿಸ್ಬೇನ್ ಬ್ಯಾಂಡಿಟ್ಸ್, ಅಡಿಲೇಡ್ ಜೈಂಟ್ಸ್ ಎಲ್ಲ ನಮ್ಮ ದೇಶದ ಲೀಗಿನ ತಂಡಗಳೇ. ಪರ್ತ್‌ನಲ್ಲೇ ಹುಟ್ಟಿದ ಲಿಯಾಮ್ ಹೆಂಡ್ರಿಕ್ಸ್ 2020 ಮತ್ತು 2021ರಲ್ಲಿ ಅಮೆರಿಕನ್ ಲೀಗಿನ ಅತ್ಯುತ್ತಮ ರಿಲೀವರ್ ಆದವರು. ಪಂದ್ಯದ ಕೊನೆಗೆ ಬಂದು ಎಸೆಯುವವರನ್ನು ರಿಲೀವರ್ ಅನ್ನುತ್ತಾರೆ. ಆಮೇಲೆ ಅವರಿಗೆ ಕ್ಯಾನ್ಸರ್ ಬಂತು. ಚಿಕಿತ್ಸೆ ಮುಗಿಸಿ 2023ರಲ್ಲಿ ಮರಳಿ ಬಂದು ಆಡಿದ್ದು 5 ಪಂದ್ಯ ಮಾತ್ರ. ಆದರೂ ಆ ವರ್ಷದ 'ಕಮ್‌ಬ್ಯಾಕ್' ಪ್ರಶಸ್ತಿ ಅವರಿಗೇ ಸಿಕ್ಕಿತು. ಬರೀ 5 ಪಂದ್ಯಕ್ಕೆ ಯಾಕೆ ಅಂತ ನನ್ನ ಗೆಳೆಯರಲ್ಲಿ ಯಾರೂ ಕೇಳಲಿಲ್ಲ. ಪ್ರಶಸ್ತಿ ಯಾತಕ್ಕೆ ಅನ್ನುವುದು ಅದರ ಹೆಸರಿನಲ್ಲೇ ಇದೆಯಲ್ಲ.

ಎರಡನೆಯದು, ಇನ್ನು ಕೆಲವೇ ದಿನಗಳಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವ. ಅಲ್ಲಿ 'ವರ್ಷದ ವಿದ್ಯಾರ್ಥಿ' ಬಹುಮಾನ ಕೊಡುತ್ತೇವೆ. ಅದರ ಬಗ್ಗೆ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ.

ಚಿಕ್ಕವರ ತರಗತಿಗೆ ಸಹಾಯ ಮಾಡುವ ನಮ್ಮಂಥ ದೊಡ್ಡ ಮಕ್ಕಳನ್ನು ಟೀಚರ್ ಕಳೆದ ವರ್ಷ ಒಂದೊಂದು ಹೆಸರು ಕೇಳಿದ್ದರು. ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ತಡವರಿಸದೆ ಭಾಷಣ ಮಾಡಿದ ಮಗುವಿನ ಹೆಸರು ಬರೆದುಕೊಟ್ಟೆ. ಆ ಮಗುವಿಗೇ ಬಹುಮಾನ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಮಗುವಿಗೆ ಅರ್ಹತೆ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ, ಖಂಡಿತ ಇತ್ತು.

ಕಾರ್ಯಕ್ರಮ ಮುಗಿದ ಮೇಲೆ ನಾವು ಕುರ್ಚಿ ಜೋಡಿಸುತ್ತಿದ್ದಾಗ ಇನ್ನೊಂದು ಮಗು ನನ್ನ ಹತ್ತಿರ ಬಂತು. ಒಂದೂ ವಾರ ತಪ್ಪಿಸದೆ ಬರುತ್ತಿದ್ದ ಮಗು. ವರ್ಷದ ಮಧ್ಯದಲ್ಲಿ ಕನ್ನಡದ ಒಂದಕ್ಷರವೂ ಬಾರದ ಹೊಸ ಹುಡುಗನೊಬ್ಬ ಸೇರಿದಾಗ, ಅವನ ಪಕ್ಕ ಕೂತು ಇಡೀ ಟರ್ಮ್ ಅವನ ಕಿವಿಯಲ್ಲಿ ಅರ್ಥ ಹೇಳಿಕೊಟ್ಟ ಮಗು. ಅದು ಅಳಲಿಲ್ಲ, ದೂರಲಿಲ್ಲ. ಕೇಳಿದ್ದು ಇಷ್ಟೇ: "ಅಕ್ಕಾ, ಮುಂದಿನ ವರ್ಷ ಏನು ಮಾಡಿದರೆ ಸಿಗುತ್ತೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಮತ ಹಾಕಿದವಳು ನಾನೇ, ಆದರೂ ಗೊತ್ತಿರಲಿಲ್ಲ. "ಇನ್ನೂ ಚೆನ್ನಾಗಿ ಮಾಡು ಪುಟ್ಟ" ಅಂದೆ. ಯಾವುದನ್ನು ಚೆನ್ನಾಗಿ ಮಾಡಬೇಕು?

ಯಾಕೆ ಹಾಗಾಯಿತು ಅಂತ ನನಗೆ ಅರ್ಥವಾದದ್ದು ಫೂಟಿಯಿಂದ. ಎ.ಎಫ್.ಎಲ್.ನ ಬ್ರೌನ್‌ಲೋ ಪದಕ 1924ರಿಂದ ಇದೆ. ನಮ್ಮ ಪಶ್ಚಿಮ ಆಸ್ಟ್ರೇಲಿಯಾ ಲೀಗಿನ ಸ್ಯಾಂಡೋವರ್ ಪದಕ ಅದಕ್ಕಿಂತ ಮೂರು ವರ್ಷ ಹಳೆಯದು, 1921ರದು. ಜೂಂಡಲಪ್ ಅರೀನಾದಲ್ಲಿ ಆಡುವ ವೆಸ್ಟ್ ಪರ್ತ್ ತಂಡದ ಹುಡುಗರು ಕನಸು ಕಾಣುವುದು ಆ ಪದಕಕ್ಕೇ. ಬ್ರೌನ್‌ಲೋಗೆ ಮತ ಹಾಕುವವರು ಅಂಪೈರ್‌ಗಳು. ಪ್ರತಿ ಪಂದ್ಯ ಮುಗಿದ ಮೇಲೆ ಮೂವರು ಆಟಗಾರರಿಗೆ 3, 2, 1 ಮತ. ಅಂಪೈರ್ ಸದಾ ಚೆಂಡಿನ ಹಿಂದೆ ಓಡುತ್ತಾರೆ. ಹಾಗಾಗಿ ಚೆಂಡಿನ ಹತ್ತಿರ ಇರುವ ಮಿಡ್‌ಫೀಲ್ಡರ್‌ಗಳೇ ಅವರ ಕಣ್ಣಿಗೆ ಹೆಚ್ಚು ಬೀಳುತ್ತಾರೆ. ಇತ್ತೀಚಿನ ವರ್ಷಗಳ ವಿಜೇತರ ಪಟ್ಟಿ ತೆಗೆದು ನೋಡಿ: ಫ್ರೀಮ್ಯಾಂಟಲ್‌ನ ನ್ಯಾಟ್ ಫೈಫ್, ಬ್ರಿಸ್ಬೇನ್‌ನ ಲಾಕಿ ನೀಲ್, ಪ್ಯಾಟ್ರಿಕ್ ಕ್ರಿಪ್ಸ್, 2025ರ ಮ್ಯಾಟ್ ರೋವೆಲ್, ಎಲ್ಲರೂ ಮಿಡ್‌ಫೀಲ್ಡರ್‌ಗಳು. ಹಿಂದೆ ನಿಂತು ಎದುರಾಳಿಯ ಗೋಲು ತಡೆಯುವವರು ಪಟ್ಟಿಯಲ್ಲಿ ಬರುವುದು ತೀರಾ ಅಪರೂಪ. ಅವರು ಚೆನ್ನಾಗಿ ಆಡಿದ ದಿನ ಏನೂ ಆಗುವುದೇ ಇಲ್ಲ, ಗೋಲು ಬೀಳುವುದಿಲ್ಲ, ಅಷ್ಟೇ.

ನಾನೂ ಅಂಥದೇ ಅಂಪೈರ್. ವೇದಿಕೆಯ ಹಿಂದೆ ಓಡಿದೆ. ಕೊನೆಯ ಬೆಂಚಿನಲ್ಲಿ ಪಿಸುಗುಟ್ಟುತ್ತಿದ್ದ ಮಗು ಕಾಣಲಿಲ್ಲ.

ಹಾಗಾದರೆ ಅಂಕ ನೋಡಿ ಕೊಟ್ಟುಬಿಡೋಣ, ಅಂಕಿಗೆ ಕಣ್ಣಿನ ಮೋಸ ಇರುವುದಿಲ್ಲ ಅನ್ನಬಹುದು. ಮೈಸೂರಿನಲ್ಲಿರುವ ನನ್ನ ತಾತನಿಗೆ ವಿಡಿಯೋ ಕಾಲಿನಲ್ಲಿ ಇದನ್ನೇ ಹೇಳಿದೆ. ತಾತ ನಕ್ಕು ಕರುಣ್ ನಾಯರ್ ಕಥೆ ಹೇಳಿದರು. ಹಿಂದೆ ನಮ್ಮ ಕರ್ನಾಟಕಕ್ಕೆ ಆಡಿ, ಈಗ ಮತ್ತೆ ನಮ್ಮ ತಂಡಕ್ಕೇ ಬಂದಿರುವ ಕರುಣ್, 2025ರ ಜನವರಿಯಲ್ಲಿ ಮುಗಿದ ವಿಜಯ್ ಹಜಾರೆ ಟ್ರೋಫಿಯನ್ನು ವಿದರ್ಭಕ್ಕಾಗಿ ಆಡಿದರು. 8 ಇನ್ನಿಂಗ್ಸ್‌ನಲ್ಲಿ 5 ಶತಕ, ಒಟ್ಟು 779 ರನ್. ಸರಾಸರಿ ಎಷ್ಟು ಗೊತ್ತೇ? 389.50! ಹೇಗೆಂದರೆ ಇಡೀ ಟೂರ್ನಿಯಲ್ಲಿ ಅವರು ಔಟಾದದ್ದು ಎರಡೇ ಸಲ, ಮತ್ತು ಸರಾಸರಿ ಲೆಕ್ಕ ಹಾಕುವುದು ಔಟಾದ ಸಂಖ್ಯೆಯಿಂದ ಭಾಗಿಸಿ. ಒಂದು ಇನ್ನಿಂಗ್ಸ್‌ಗೆ ಎಷ್ಟು ಅಂತ ಲೆಕ್ಕ ಹಾಕಿದರೆ ಸುಮಾರು 97. ಅದೂ ಅದ್ಭುತವೇ, ಆದರೆ ಎರಡೂ ಬೇರೆ ಬೇರೆ ಸಂಖ್ಯೆ. ಫೈನಲ್‌ನಲ್ಲಿ ಅವರು ಹೊಡೆದದ್ದು 27. ಸ್ಮರಣ್ ಅವರ ಶತಕದ ಬಲದಿಂದ ಕಪ್ ಗೆದ್ದದ್ದು ಕರ್ನಾಟಕ. ಆದರೂ ಸರಣಿಯ ಆಟಗಾರ ಪ್ರಶಸ್ತಿ ಸೋತ ತಂಡದ ಕರುಣ್‌ಗೆ ಹೋಯಿತು. ಅದು ಸರಿಯೇ, ಯಾಕೆಂದರೆ ಅದು ಇಡೀ ಸರಣಿಗೆ ಕೊಡುವ ಪ್ರಶಸ್ತಿ, ಫೈನಲ್‌ಗೆ ಅಲ್ಲ.

"ಅಂಕಿ ಸುಳ್ಳು ಹೇಳಲ್ಲ ಮಗಳೇ, ಆದರೆ ಕೇಳಿದ್ದಕ್ಕಷ್ಟೇ ಉತ್ತರ ಹೇಳುತ್ತೆ. ಮೊದಲು ಮಾನದಂಡ ಇಟ್ಟುಕೋ" ಅಂದರು ತಾತ. ಮಾನದಂಡ ಅನ್ನುವ ಪದ ನನಗೆ ಹೊಸದು. ಅಳೆಯುವ ಕೋಲು ಅಂತ ಅರ್ಥವಂತೆ. ಸೀರೆ ಅಳೆಯುವ ಅಂಗಡಿಯವರು ಗಿರಾಕಿಗೊಂದು ಕೋಲು ಬದಲಾಯಿಸಿದರೆ ನೀವು ಸುಮ್ಮನಿರುತ್ತೀರಾ?

ನಾನು ಇದನ್ನು ಹೇಳಿದಾಗ ನಮ್ಮ ಪರಿಚಯದ ಆಂಟಿಯೊಬ್ಬರು, "ಇದೆಲ್ಲ ತಲೆನೋವು ಯಾಕೆ? ಬಹುಮಾನವೇ ಬೇಡ, ಎಲ್ಲ ಮಕ್ಕಳಿಗೂ ಒಂದೊಂದು ಪದಕ ಕೊಟ್ಟುಬಿಡೋಣ" ಅಂದರು. ಅವರ ಮಾತಿನಲ್ಲಿ ಪ್ರೀತಿ ಇದೆ. ಆದರೆ ಮಕ್ಕಳಿಗೆ ಗೊತ್ತಾಗುತ್ತದೆ ಆಂಟಿ. ಎಲ್ಲರಿಗೂ ಸಿಕ್ಕ ಪದಕ ಮನೆ ತಲುಪುವ ಮೊದಲೇ ಕಾರಿನ ಸೀಟಿನ ಕೆಳಗೆ ಬಿದ್ದಿರುತ್ತದೆ. ಆ ಮಗು ನನ್ನನ್ನು ಕೇಳಿದ್ದು ಪದಕ ಕೊಡಿ ಅಂತ ಅಲ್ಲ. ದಾರಿ ಹೇಳಿ ಅಂತ.

ಅದಕ್ಕೇ ನನ್ನ ಸಲಹೆಗಳು ಮೂರು.

ಒಂದು: ಬಹುಮಾನ ಯಾತಕ್ಕೆ ಅನ್ನುವುದನ್ನು ಫೆಬ್ರವರಿಯಲ್ಲಿ, ಮೊದಲ ತರಗತಿಯ ದಿನವೇ ಹೇಳೋಣ. ಚೆನ್ನಾಗಿ ಮಾತಾಡುವುದಕ್ಕೋ, ಹೆಚ್ಚು ಕಲಿತದ್ದಕ್ಕೋ, ಬೇರೆಯವರಿಗೆ ಕಲಿಸಿದ್ದಕ್ಕೋ? ಮೂರೂ ಬೇಕೆಂದರೆ ಮೂರು ಬಹುಮಾನ ಇಡೋಣ, ಮೂರಕ್ಕೂ ಸರಿಯಾದ ಹೆಸರಿಡೋಣ. ಬ್ರೌನ್‌ಲೋ ನಿಯಮ ನೋಡಿ: ಸೀಸನ್ನಿನಲ್ಲಿ ಅಮಾನತಾದವರಿಗೆ ಪದಕ ಇಲ್ಲ. 1997ರಲ್ಲಿ ಕ್ರಿಸ್ ಗ್ರಾಂಟ್‌ಗೆ ಎಲ್ಲರಿಗಿಂತ ಹೆಚ್ಚು, 27 ಮತ ಬಂದಿತ್ತು. ಒಂದು ಪಂದ್ಯದ ಅಮಾನತಿನಿಂದಾಗಿ ಪದಕ 26 ಮತದ ರಾಬರ್ಟ್ ಹಾರ್ವಿಗೆ ಹೋಯಿತು. ಆ ನಿಯಮ ಕಠಿಣ ಅಂತ ನನಗೂ ಅನಿಸುತ್ತದೆ. ಆದರೆ ಅದು ಆಟ ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತಿತ್ತು.

ಎರಡು: ಡಿಸೆಂಬರ್‌ನಲ್ಲಿ ನೆನಪಿನಿಂದ ಹೆಸರು ಬರೆಯುವುದು ಬೇಡ. ಡಿಸೆಂಬರ್‌ನಲ್ಲಿ ನೆನಪಾಗುವುದು ನವೆಂಬರ್ ಮಾತ್ರ. ಅಂಪೈರ್‌ಗಳ ಹಾಗೆ ಪ್ರತಿ ವಾರ ತರಗತಿ ಮುಗಿದ ಮೇಲೆ ಎರಡು ಸಾಲು ಬರೆದಿಡೋಣ. ಅದನ್ನು ಬರೆಯುವ ಕೆಲಸ ನಾವು ದೊಡ್ಡ ಮಕ್ಕಳು ಮಾಡುತ್ತೇವೆ. ನಾನಂತೂ ಸಿದ್ಧ.

ಮೂರು: ಕೊಟ್ಟ ಮೇಲೆ ಕಾರಣ ಹೇಳೋಣ. ವೇದಿಕೆಯ ಮೇಲೆ ಬರೀ ಹೆಸರು ಕೂಗದೆ, "ಈ ಕಾರಣಕ್ಕೆ" ಅಂತ ಎರಡು ವಾಕ್ಯ ಸೇರಿಸೋಣ. ಎಂ.ವಿ.ಪಿ. ಮತಗಳು ಬಹಿರಂಗವಾದ್ದರಿಂದಲೇ ನಾನು ಮನೆಯಲ್ಲಿ ಕೂತು 355 ಲೆಕ್ಕ ಮಾಡಲು ಆಯಿತು. ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೆ "ಮೋಸ" ಅನ್ನುವ ಮಾತನ್ನು ವಾಪಸ್ ತೆಗೆದುಕೊಂಡೆ.

ಇಷ್ಟೆಲ್ಲ ಮಾಡಿದರೂ ಜಗಳ ನಿಲ್ಲುವುದಿಲ್ಲ. ನಿಲ್ಲುವುದೂ ಬೇಡ. ಪ್ರತಿ ವರ್ಷ ರಾಜ್ಯೋತ್ಸವ ಪ್ರಶಸ್ತಿ ಪಟ್ಟಿ ಬಂದಾಗ "ಇವರಿಗೆ ಯಾಕೆ, ಅವರಿಗೆ ಯಾಕಿಲ್ಲ" ಅಂತ ನೀವು ದೊಡ್ಡವರು ಕಾಫಿ ಕುಡಿಯುತ್ತಾ ವಾದ ಮಾಡುವುದನ್ನು ನಾವು ಕೇಳಿಸಿಕೊಂಡಿದ್ದೇವೆ! ನಿಜ ಹೇಳಬೇಕೆಂದರೆ, ನಾನು ಅಪ್ಪನ ಜೊತೆ ಅತಿ ಹೆಚ್ಚು ಹೊತ್ತು ಕನ್ನಡದಲ್ಲೇ ಮಾತಾಡಿದ್ದು ಈ ರಾಲಿ, ಜಡ್ಜ್ ಜಗಳದಲ್ಲಿ. ಆ ಸಂಜೆ ಅವರು ಆಫೀಸಿನಿಂದ ಬಂದ ಮೇಲೂ ಮುಂದುವರಿಯಿತು. ಅರ್ಹತೆ, ಮಾನದಂಡ, ಪಕ್ಷಪಾತ ಎಲ್ಲ ನನ್ನ ಬಾಯಲ್ಲಿ ಬಂದದ್ದು ಸೋಲಬಾರದು ಅನ್ನುವ ಹಟಕ್ಕೆ.

ಹಾಗಾಗಿ ಓದುಗರೇ, ಮುಂದಿನ ತರಗತಿಗೆ ಬರುವಾಗ ನಿಮ್ಮ ವಾದವನ್ನೂ ತನ್ನಿ. ಅಪ್ಪ ಅಮ್ಮಂದಿರೇ, ಕಾರಿನಲ್ಲಿ ಬರುವಾಗ ಮಕ್ಕಳನ್ನು ಕೇಳಿ: ನಮ್ಮ ಶಾಲೆಯಲ್ಲಿ ಯಾವ ಕೆಲಸಕ್ಕೆ ಬಹುಮಾನ ಇರಬೇಕು? ತಮ್ಮ ತಂಗಿಯರೇ, ನಿಮ್ಮ ಉತ್ತರವನ್ನು ಚೀಟಿಯಲ್ಲಿ ಬರೆದು ನನಗೆ ಕೊಡಿ, ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ. ಎಲ್ಲವನ್ನೂ ಸೇರಿಸಿ ಟೀಚರ್‌ಗಳಿಗೆ ಕೊಡುತ್ತೇನೆ.

ಆ ಮಗು ಈ ವರ್ಷವೂ ನಮ್ಮ ತರಗತಿಯಲ್ಲೇ ಇದೆ. ಈ ಸಲ ಕುರ್ಚಿ ಜೋಡಿಸುವಾಗ ಅದು ಮತ್ತೆ ಬಂದು ಕೇಳಿದರೆ, ಹೇಳಲು ನನ್ನ ಹತ್ತಿರ ಒಂದು ಉತ್ತರ ಇರಬೇಕು.

(ಹನ್ನೊಂದನೇ ತರಗತಿ ವಿದ್ಯಾರ್ಥಿನಿ, ಜೂಂಡಲಪ್)