ತನಿಖಾಧಿಕಾರಿಯನ್ನು ರಾತ್ರಿ ಯಾವಾಗ ಎಬ್ಬಿಸಬೇಕು?

ಕಳ್ಳನಿಗೆ ಡ್ಯೂಟಿ ಟೈಮ್ ಇಲ್ಲ. ಪೊಲೀಸರಿಗೆ ಇದೆ, ಇರಲೂಬೇಕು. ಅವರಿಗೂ ಮನೆ, ಮಕ್ಕಳು, ನಿದ್ದೆ ಬೇಕು. ಹಾಗಾದರೆ ನಡುರಾತ್ರಿ ಠಾಣೆಗೆ ಒಂದು ದೂರು ಬಂದಾಗ, ಮನೆಯಲ್ಲಿ ಮಲಗಿರುವ ಕ್ರೈಂ ವಿಭಾಗದ ಎಸ್ಸೈಯನ್ನು, ಬೆರಳಚ್ಚು ತಜ್ಞರನ್ನು, ಶ್ವಾನದಳವನ್ನು ಕರೆಸಬೇಕೋ, ಇಲ್ಲ ಬೆಳಗ್ಗೆ ನೋಡೋಣ ಅನ್ನಬೇಕೋ? ಠಾಣೆಯಲ್ಲಿ ಆ ಹೊತ್ತಿಗೆ ಕೂತಿರುವ ಸಿಬ್ಬಂದಿಯ ಮನಸ್ಸಿಗೆ ತೋಚಿದಂತೆ ಇದು ತೀರ್ಮಾನ ಆಗಬಾರದು ಎಂಬುದು ನಮ್ಮ ಅಭಿಪ್ರಾಯ.

ಹಂಪಿಯಿಂದ ತುಂಗಭದ್ರೆ ದಾಟಿದರೆ ಆನೆಗೊಂದಿ, ಸಾಣಾಪುರ. 2025ರ ಮಾರ್ಚ್ 6ರ ರಾತ್ರಿ ಅಲ್ಲಿನ ಎಡದಂಡೆ ಕಾಲುವೆ ಬದಿಯಲ್ಲಿ ನಡೆದದ್ದನ್ನು ಯಾರೂ ಮರೆತಿರಲಿಕ್ಕಿಲ್ಲ. ನಕ್ಷತ್ರ ನೋಡುತ್ತ ಕೂತಿದ್ದ ಐದು ಮಂದಿಯ ಮೇಲೆ ಬೈಕಿನಲ್ಲಿ ಬಂದ ಮೂವರು ಎರಗಿದರು. ಇಸ್ರೇಲಿನ ಪ್ರವಾಸಿ ಮಹಿಳೆ ಮತ್ತು ಅಲ್ಲಿನ ಹೋಂಸ್ಟೇ ನಡೆಸುವ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಜೊತೆಗಿದ್ದ ಮೂವರು ಗಂಡಸರನ್ನು ಕಾಲುವೆಗೆ ತಳ್ಳಿದರು. ಒಡಿಶಾದ ಯುವಕನ ಶವ ಸಿಕ್ಕಿದ್ದು 8ರ ಬೆಳಗ್ಗೆ. ಪೊಲೀಸರು ತಂಡ ಕಟ್ಟಿ ಹುಡುಕಿ, ಎರಡು ದಿನದಲ್ಲಿ ಇಬ್ಬರನ್ನು ಹಿಡಿದರು. ಮೂರನೆಯವನು ಆಗಲೇ ತಮಿಳುನಾಡು ಸೇರಿದ್ದ, ಅಲ್ಲಿಂದ ಹಿಡಿದು ತರಬೇಕಾಯಿತು.

ಇಂಥ ಪ್ರಕರಣದಲ್ಲಿ ಬೆಳಗ್ಗೆ ನೋಡೋಣ ಅಂದರೆ ಏನಾಗುತ್ತೆ? ಹರಿಯುವ ನೀರು ಯಾರಿಗೂ ಕಾಯುವುದಿಲ್ಲ. ಹೊಸಪೇಟೆ ಜಂಕ್ಷನ್‌ನಲ್ಲಿ ರಾತ್ರಿ ರೈಲು ಹತ್ತಿದವನು ಬೆಳಗಾಗುವಾಗ ಬೇರೆ ಊರಿನಲ್ಲಿರುತ್ತಾನೆ. ಹಂಪಿಯಲ್ಲಿ ಸಾಕ್ಷಿ ಹೇಳಬೇಕಾದ ಪ್ರವಾಸಿ ಮುಂಜಾನೆ ಬಸ್ಸಿಗೆ ಹೊರಟುಬಿಡುತ್ತಾನೆ. ಸಂಡೂರಿನ ಅದಿರು ಲಾರಿ ಓಡುವ ರಸ್ತೆಯಲ್ಲಿ ಟಯರ್ ಗುರುತು ಎಷ್ಟು ಹೊತ್ತು ಉಳಿದೀತು?

ಈ ಸೀಮೆಗೆ ಇನ್ನೊಂದು ತೊಡಕಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆ. ಕಂಪ್ಲಿ ಸೇತುವೆ ದಾಟಿದರೆ ಕೊಪ್ಪಳ ಜಿಲ್ಲೆ. ಒಂದು ನದಿ, ಮೂರು ಎಸ್ಪಿಗಳು. 'ಅದು ನಮ್ಮ ಲಿಮಿಟ್ ಅಲ್ಲ' ಎಂಬ ಮಾತಿಗೆ ಇಲ್ಲಿ ಜಾಗ ಸುಲಭ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ, ಹೋದ ಠಾಣೆಯಲ್ಲೇ ಮಾಹಿತಿ ದಾಖಲಿಸಿಕೊಳ್ಳಬೇಕು. ಇದೇ ಝೀರೋ ಎಫ್ಐಆರ್. ಅದೇ ಸಂಹಿತೆಯ 176ನೇ ಕಲಂ, ಏಳು ವರ್ಷ ಅಥವಾ ಮೇಲ್ಪಟ್ಟು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ತನಕ ಸಮಯ ಇದೆ. ಎಷ್ಟು ಗಂಟೆಯೊಳಗೆ ಬರಬೇಕು ಎಂದು ಮಾತ್ರ ಅದರಲ್ಲಿ ಬರೆದಿಲ್ಲ. ನಮ್ಮ ಪ್ರಶ್ನೆ ಇರುವುದೇ ಅಲ್ಲಿ.

ಲೆಕ್ಕ ಸರಳವಾಗಿರಲಿ. ಬೆಳಗಾಗುವುದರೊಳಗೆ ಒಂದು ಜೀವ ಹೋಗಬಹುದೇ? ಒಂದು ಸಾಕ್ಷ್ಯ ಅಳಿಯಬಹುದೇ? ಆರೋಪಿ ಜಿಲ್ಲೆ ದಾಟಬಹುದೇ? ಮೂರರಲ್ಲಿ ಒಂದಕ್ಕೆ ಹೌದು ಅಂದರೂ ಫೋನ್ ಮಾಡಿ ಎಬ್ಬಿಸಬೇಕು. ಕೊಲೆ, ಅತ್ಯಾಚಾರ, ಅಪಹರಣ, ಸಂಶಯದ ಸಾವು ಇವೆಲ್ಲ ಇದರೊಳಗೆ ಬರುತ್ತವೆ. ಮಗು ಕಾಣೆಯಾದರೂ ಅಷ್ಟೇ. ಅದನ್ನು ಅಪಹರಣ ಅಥವಾ ಸಾಗಾಟ ಎಂದೇ ಭಾವಿಸಿ ಎಫ್ಐಆರ್ ಮಾಡಿ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅತ್ಯಾಚಾರದ ಮಾಹಿತಿ ಬಂದ 24 ಗಂಟೆಯೊಳಗೆ ಸಂತ್ರಸ್ತೆಯನ್ನು ವೈದ್ಯರ ಬಳಿ ಕಳುಹಿಸಬೇಕೆಂಬುದೂ ಕಾನೂನು. ಮೂರಕ್ಕೂ ಇಲ್ಲ ಅಂತಾದರೆ, ಉದಾಹರಣೆಗೆ ವಾರದ ಹಿಂದೆ ಆದ ವಂಚನೆಯ ದೂರು, ರಾತ್ರಿ ಬರೆದುಕೊಂಡು ಬೆಳಗ್ಗೆ ತನಿಖೆ ಶುರು ಮಾಡಿದರೆ ಸಾಕು. ಬೀಗ ಮುರಿದ ಮನೆಗೆ ಕಾವಲು ಹಾಕಿ, ಏನನ್ನೂ ಮುಟ್ಟದಂತೆ ನೋಡಿಕೊಂಡರೆ ಬೆರಳಚ್ಚು ಬೆಳಗ್ಗೆಯೂ ಸಿಗುತ್ತೆ. ರಾತ್ರಿ ದುಡಿದವರಿಗೆ ಮರುದಿನ ರಜೆ ಕೊಡಬೇಕಾದದ್ದು ಇಲಾಖೆಯ ಕರ್ತವ್ಯ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಬೆಳಗ್ಗೆ ಆಫೀಸು ತೆರೆದ ಮೇಲೆ ನೋಡೋಣ ಎಂದು ಯಾರಾದರೂ ಹೇಳಿದ್ದರೆ ಕೆಳಗಿನ ರೈತರು ಸುಮ್ಮನಿರುತ್ತಿದ್ದರೇ? ಒಂದೇ ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ನೀರಿಗೆ ಇರುವ ಅವಸರ ಹೆಣ್ಣುಮಗಳ ಮಾನಕ್ಕೆ, ಮಗುವಿನ ಜೀವಕ್ಕೆ ಇಲ್ಲವೇ? ಸಾಣಾಪುರದಲ್ಲಿ ವಿದೇಶಿ ಮಹಿಳೆ ಇದ್ದಳು, ದೇಶವೇ ನೋಡುತ್ತಿತ್ತು. ಕಂಪ್ಲಿಯ ಗದ್ದೆ ಕೂಲಿಯ ಮಗಳು, ಸಂಡೂರಿನ ಗಣಿ ಕಾರ್ಮಿಕನ ಮಗ ಕಾಣೆಯಾದಾಗಲೂ ಅದೇ ಫೋನ್ ಹೋಗಬೇಕು. ನಿಯಮ ಬರಹದಲ್ಲಿ ಇದ್ದರೆ ಬಡವನಿಗೆ ಶಿಫಾರಸಿನ ಅಗತ್ಯ ಬೀಳುವುದಿಲ್ಲ.

ಓದುಗರೇ, ಇದು ಘಟ್ಟದ ಮೇಲಿನವರ ವಿಷಯ ಎಂದು ಪುಟ ತಿರುಗಿಸಬೇಡಿ. ರಜೆ ಬಂದರೆ ನಮ್ಮ ಮನೆಯವರೂ ಗಾಡಿ ಮಾಡಿಕೊಂಡು ಹಂಪಿ, ಡ್ಯಾಮ್ ನೋಡಲು ಹೋಗುತ್ತಾರೆ. ಕತ್ತಲಾದ ಮೇಲೆ ಕಾಲುವೆ ಬದಿ ಬೇಡ, 112 ನಂಬರ್ ಮಕ್ಕಳಿಗೂ ಬಾಯಿಪಾಠ ಇರಲಿ.

ನಮ್ಮೊಳಗಿನ ಒಂದು ಅಭ್ಯಾಸವೂ ಇಲ್ಲಿ ಬರುತ್ತೆ. ಮಯ್ಯಿತ್ ಬೇಗ ದಫನ ಆಗಬೇಕು ಎಂಬ ಆತುರ ಸರಿಯಾದದ್ದೇ. ಆದರೆ ಸಾವಿನಲ್ಲಿ ಸಂಶಯ ಇದ್ದಾಗ ಪೊಲೀಸರು ಬರುವ ಮೊದಲೇ ಸ್ನಾನ ಮಾಡಿಸಿದರೆ ಸಾಕ್ಷ್ಯವೂ ನೀರಿನ ಜೊತೆ ಹೋಗುತ್ತೆ. 2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೌಲಭ್ಯ ಇರುವ ಆಸ್ಪತ್ರೆಗಳಲ್ಲಿ ರಾತ್ರಿ ಪೋಸ್ಟ್‌ಮಾರ್ಟಂಗೆ ಅನುಮತಿ ಕೊಟ್ಟಿತು. ಕೊಲೆ, ಆತ್ಮಹತ್ಯೆ, ಸಂಶಯದ ಸಾವುಗಳಿಗೆ, ಶಾಂತಿ ಸುವ್ಯವಸ್ಥೆಯ ಪ್ರಶ್ನೆ ಇಲ್ಲದಿದ್ದರೆ, ಈ ಅನುಮತಿ ಇಲ್ಲ. ಆದ್ದರಿಂದ ಅಧಿಕಾರಿ ರಾತ್ರಿಯೇ ಬಂದು ಸ್ಥಳ ನೋಡಿ ಮಹಜರು ಶುರು ಮಾಡಿದರೆ ಬೆಳಗ್ಗೆ ಮೊದಲಿಗೇ ಪೋಸ್ಟ್‌ಮಾರ್ಟಂ ಆಗಿ, ಲುಹರ್ ಹೊತ್ತಿಗೆ ಮಯ್ಯಿತ್ ಮನೆಗೆ ಬರಬಹುದು. ಅವರು ಹತ್ತು ಗಂಟೆಗೆ ಬಂದರೆ ಮನೆಯವರು ಸಂಜೆ ತನಕ ಶವಾಗಾರದ ಬಾಗಿಲಲ್ಲಿ ನಿಲ್ಲಬೇಕು. ಜಮಾಅತ್ ಕಮಿಟಿಯವರು ಇಂಥ ಹೊತ್ತಿನಲ್ಲಿ ಪೋಸ್ಟ್‌ಮಾರ್ಟಂ ಬೇಡ ಎಂದು ಒತ್ತಡ ಹಾಕುವ ಬದಲು ಅಧಿಕಾರಿಯನ್ನು ಈಗಲೇ ಕರೆಸಿ ಎಂದು ಕೇಳಲಿ.

ಒಂದು ಎಚ್ಚರಿಕೆ. ತನಿಖೆಗೆ ರಾತ್ರಿ ಬರುವುದು ಬೇರೆ, ರಾತ್ರಿ ಬಂದು ಯಾರನ್ನಾದರೂ ಎತ್ತಿಕೊಂಡು ಹೋಗುವುದು ಬೇರೆ. ಅಸಾಧಾರಣ ಸಂದರ್ಭ ಬಿಟ್ಟು ಸೂರ್ಯಾಸ್ತದ ನಂತರ ಮಹಿಳೆಯನ್ನು ಬಂಧಿಸುವಂತಿಲ್ಲ. ಪೋಕ್ಸೋ ಕಾಯ್ದೆ ಪ್ರಕಾರ ಮಗುವನ್ನು ರಾತ್ರಿ ಠಾಣೆಯಲ್ಲಿ ಇಡುವಂತಿಲ್ಲ. ಯಾರನ್ನೇ ಬಂಧಿಸಿದರೂ ಮನೆಯವರಿಗೆ ತಿಳಿಸಲೇಬೇಕು.

ಮೂರೂ ಜಿಲ್ಲೆಗಳ ಎಸ್ಪಿಗಳು ಕೂತು ಒಂದೇ ಪುಟದ ನಿಯಮ ಮಾಡಲಿ: ಯಾವ ದೂರಿಗೆ ಯಾರನ್ನು, ಎಷ್ಟು ನಿಮಿಷದೊಳಗೆ ಎಬ್ಬಿಸಬೇಕು, ಎಬ್ಬಿಸದಿದ್ದರೆ ಯಾಕೆ ಎಂದು ಡೈರಿಯಲ್ಲಿ ಯಾರು ಬರೆಯಬೇಕು. ಈಗಾಗಲೇ ಅಂಥ ಆದೇಶ ಇದ್ದರೆ ಅದನ್ನು ಕನ್ನಡದಲ್ಲಿ ಠಾಣೆಯ ಗೋಡೆಗೆ ಹಚ್ಚಲಿ. ನಮ್ಮ ಕರಾವಳಿಯ ಠಾಣೆಗಳಲ್ಲೂ ಅದು ಇರಲಿ. ರಾತ್ರಿ ಎರಡು ಗಂಟೆಗೆ ಠಾಣೆ ಮೆಟ್ಟಿಲು ಹತ್ತುವ ತಾಯಿಗೆ ಅದನ್ನು ತೋರಿಸಿ ಕೇಳುವ ಧೈರ್ಯವಾದರೂ ಬಂದೀತು.