ಮಂಗನ ಮೇಲಿನ ಅಪವಾದ

ರೋಗಗಳಿಗೆ ಹೆಸರಿಡುವುದರಲ್ಲಿ ಮನುಷ್ಯನು ನ್ಯಾಯವಾಗಿ ನಡೆದುಕೊಂಡುದು ಕಡಮೆ. ಮಲೆನಾಡಿನ ‘ಮಂಗನ ಕಾಯಿಲೆ’ಯೇ ಇದಕ್ಕೆ ನಿದರ್ಶನ. ಹೆಸರು ಕೇಳಿದವರು ಮಂಗವೇ ಈ ಪಿಡುಗನ್ನು ಊರಿಗೆ ತಂದಿತೆಂದು ಬಗೆಯುತ್ತಾರೆ. ಆದರೆ ಈ ವ್ಯಾಜ್ಯದಲ್ಲಿ ಮಂಗವು ಆಪಾದಿತನ ಸ್ಥಾನದಲ್ಲಿ ನಿಲ್ಲತಕ್ಕುದಲ್ಲ. ಅದು ಮೊದಲು ಪ್ರಾಣ ತೆತ್ತ ಸಾಕ್ಷಿ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಸುತ್ತಲಿನ ಹಳ್ಳಿಗಳ ಜನ ಉಗ್ರವಾದ ಜ್ವರದಿಂದ ನರಳುತ್ತಿದ್ದರು. ಹಳದಿ ಜ್ವರವು ಭಾರತವನ್ನೂ ಹೊಕ್ಕಿತೆ ಎಂಬ ಶಂಕೆ ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಲಾಗಿ, ಈ ವೈರಸ್ಸು ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಬಂಧುವೆಂದೂ ಆದರೂ ಲೋಕಕ್ಕೆ ಹೊಸದೆಂದೂ ತಿಳಿಯಿತು. ಇದನ್ನು ಹರಡುವುದೂ ಉಣ್ಣೆಯೇ, ಮಲೆನಾಡಿಗರು ಉಣುಗು ಎನ್ನುವ ಆ ಸಣ್ಣ ಜೀವಿ. ಸೋಂಕಿದ ಮಂಗ ಸತ್ತೊಡನೆ ಉಣುಗುಗಳು ಶವವನ್ನು ತೊರೆದು ನೆಲದ ತರಗೆಲೆಗಳ ನಡುವೆ ಹೊಸ ರಕ್ತಕ್ಕಾಗಿ ಕಾದಿರುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ.

ಹಾಗಾದರೆ ಉಣುಗಿಗೆ ಸಿಕ್ಕುವವರು ಯಾರು? ತೋಟಕ್ಕೂ ಕೊಟ್ಟಿಗೆಗೂ ತರಗೆಲೆ ಗುಡಿಸಿ ತರುವ ಕೂಲಿಯ ಹೆಂಗಸು, ಸೌದೆ ಹೊರುವವನು, ದನ ಕಾಯುವ ಹುಡುಗ. ಬಲಿತ ಉಣುಗು ದನದ ರಕ್ತ ಕುಡಿದು ಸಂತಾನ ಬೆಳೆಸುತ್ತದೆ. ಕಾಡು ಕಡಿದು ಮೇವಿನ ದಾರಿ ತೆರೆದಷ್ಟೂ ಅದಕ್ಕೆ ಸುಗ್ಗಿ. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ರೋಗ ಭುಗಿಲೆದ್ದುದು ಗೇರುತೋಟಕ್ಕಾಗಿ ಕಾಡನ್ನು ಕಡಿದ ಎಡೆಯಲ್ಲಿಯೇ ಎಂಬುದನ್ನು ನಾವು ಮರೆಯಬಾರದು. ಅಲ್ಲಿ ಕೊಡಲಿ ಹಿಡಿದದ್ದು ಮಂಗವಲ್ಲವಷ್ಟೆ!

ಚಳಿಗಾಲ ಬಂತೆಂದರೆ ‘ಕಾಡಿಗೆ ಹೋಗಬೇಡಿ’ ಎಂಬ ಬುದ್ಧಿವಾದ ಹೊರಡುತ್ತದೆ. ಕಾಡಿಗೆ ಹೋಗದಿದ್ದರೆ ಒಲೆ ಉರಿಯದ ಮನೆಗೆ ಈ ಮಾತಿನಿಂದ ಏನು ಫಲ? ಜೂನ್ ತಿಂಗಳಲ್ಲಿ ಮಳೆ ಹಿಡಿದೊಡನೆ ಜ್ವರ ಅಡಗುತ್ತದೆ. ಅದರೊಡನೆ ನಮ್ಮ ಕಾಳಜಿಯೂ ಅಡಗುತ್ತದೆ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯ ಬಲ ಸಾಲದಾಗಿ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ರೋಗ ಕಂಡುಬಂದು ಅರುವತ್ತೈದು ವರ್ಷ ಕಳೆದ ಮೇಲೆ ಈ ಬರಿಗೈ! ಇದು ವಿಜ್ಞಾನದ ಸೋಲೆನ್ನುವುದಕ್ಕಿಂತ, ಬಡವರ ರೋಗವೆಂಬ ಉದಾಸೀನದ ಫಲವೆನ್ನುವುದೇ ಸರಿಯೆಂದು ನನಗೆ ತೋರುತ್ತದೆ.

ಸಂಶೋಧನೆಯು ಜ್ವರವಿಲ್ಲದ ಮಳೆಗಾಲದಲ್ಲಿಯೂ ನಡೆಯಬೇಕು. ವೈದ್ಯರು, ಪಶುವೈದ್ಯರು, ಅರಣ್ಯದವರು ಬೇರೆಬೇರೆ ಕಡತಗಳನ್ನು ಮುಚ್ಚಿಟ್ಟು ಒಂದೇ ಕಾಡನ್ನು ಒಟ್ಟಾಗಿ ನೋಡಬೇಕು. ಮೈಗೆ ಸವರುವ ಉಣುಗುನಿವಾರಕ ತೈಲ ಜ್ವರಕ್ಕಿಂತ ಮೊದಲೇ ಮನೆಮನೆ ಸೇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸತ್ತ ಮಂಗವನ್ನು ಕಂಡು ಸುದ್ದಿ ತರುವ ಕೂಲಿಯವನ ಮಾತಿಗೆ ಅಂದೇ ಕಿವಿಗೊಡಬೇಕು. ಒಂದು ದಿನದ ಕೂಲಿ ಬಿಟ್ಟು ಬಂದವನನ್ನು ಕಚೇರಿಯ ಜಗಲಿಯಲ್ಲಿ ಕಾಯಿಸಬಾರದು.

ಕಾಯಿಲೆಯ ಹೆಸರನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ರೂಢಿಯ ಮಾತು ಸುಲಭವಾಗಿ ಅಳಿಯದು. ಆದರೆ ಮರದಿಂದ ಮಂಗವೊಂದು ಸತ್ತು ಬಿದ್ದಾಗ, ಅದು ನಮಗಾಗಿ ಬಂದ ಓಲೆಯೆಂದು ತಿಳಿದು ಓದುವಷ್ಟು ವಿವೇಕವಾದರೂ ನಮಗಿರಬೇಡವೆ?